ಪ್ರಾಡಕ್ಟ್ ಮ್ಯಾನೇಜರ್ ಆಗಬಯಸುವವರಿಗೆ

ತರಕಾರಿ ಅಂಗಡಿಯಲ್ಲಿ, ಎಳನೀರಿನ ಗಾಡಿಯ ಬಳಿ, ಚಹಾದ ಗೂಡಂಗಡಿಯಲ್ಲಿ ನೀವೆಲ್ಲ ಒಂದು ಪುಟ್ಟ ಪೆಟ್ಟಿಗೆಯ ದನಿ ಕೇಳಿಯೇ ಇರುತ್ತೀರಿ. ಮೊಬೈಲಿನಿಂದ ದುಡ್ಡು ಹೋದ ತಕ್ಷಣ ಇಷ್ಟು ರೂಪಾಯಿ ಬಂತು ಎಂದು ಅದು ಗಟ್ಟಿಯಾಗಿ ಸಾರುತ್ತದೆ. ಪೇಟಿಎಂ ಕಂಪನಿ ಇದನ್ನು 2019ರಲ್ಲಿ ತಂದಿತು. ಆಮೇಲೆ ಬೇರೆಯವರೂ ತಂದರು. ಬಿಚ್ಚಿ ನೋಡಿದರೆ ಒಳಗೆ ಒಂದು ಸ್ಪೀಕರ್, ಒಂದು ಬ್ಯಾಟರಿ, ಒಂದು ಸಿಮ್ ಕಾರ್ಡ್. ಜಗತ್ತು ಕಾಣದ ತಂತ್ರಜ್ಞಾನ ಅದರಲ್ಲಿ ಯಾವುದೂ ಇಲ್ಲ. ಆದರೂ ಅದು ಬರುವ ಮೊದಲು ಅಂಗಡಿಯವರ ಪಾಡು ಏನಿತ್ತು ಎಂದು ನೆನಪು ಮಾಡಿಕೊಳ್ಳಿ. ಸಂಜೆಯ ಗಿರಾಕಿ ಮೈಮೇಲೆ ಬೀಳುತ್ತಿರುತ್ತಾರೆ. ಕೈಯಲ್ಲಿ ತಕ್ಕಡಿ, ಬೆರಳಲ್ಲಿ ಸೊಪ್ಪಿನ ನೀರು. ಗಿರಾಕಿ ತನ್ನ ಫೋನಿನ ಪರದೆ ತೋರಿಸಿ ‘ಆಯ್ತು ನೋಡಿ’ ಎಂದು ಹೊರಟುಬಿಡುತ್ತಾನೆ. ಅದು ಈಗ ಕಳಿಸಿದ್ದೋ, ನಿನ್ನೆಯ ಚಿತ್ರವೋ ಯಾರಿಗೆ ಗೊತ್ತು? ಬ್ಯಾಂಕಿನ ಮೆಸೇಜು ಬರುವುದು ತಡ. ಖಾತೆಗೆ ಜೋಡಿಸಿದ ಫೋನು ಕಾಲೇಜಿಗೆ ಹೋದ ಮಗನ ಕೈಯಲ್ಲಿ. ಈ ಇಕ್ಕಟ್ಟನ್ನು ಅಂಗಡಿಯ ಮುಂದೆಯೇ ನಿಂತು ಕಂಡವರು, ಇನ್ನೊಂದು ಆ್ಯಪ್ ಬೇಡ, ಕಣ್ಣು ಕೈ ಎರಡೂ ಬೇಕಾಗದ ಒಂದು ದನಿ ಸಾಕು ಎಂದು ತೀರ್ಮಾನಿಸಿದರು. ಅಂಗಡಿಯವರ ಫೋನಿನ ಹಂಗೇ ಇರದಂತೆ ಪೆಟ್ಟಿಗೆಗೆ ಅದರದೇ ಸಿಮ್ ಹಾಕಿದರು.

ಹೀಗೆ ಯಾರಿಗೆ ಏನು ಬೇಕು, ಅದರಲ್ಲಿ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು, ಮಾಡಿದ್ದು ಕೆಲಸಕ್ಕೆ ಬಂತೋ ಇಲ್ಲವೋ ಎಂದು ನೋಡಿಕೊಳ್ಳುವವರನ್ನು ಕಂಪನಿಗಳಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಎನ್ನುತ್ತಾರೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಈ ಹುದ್ದೆಯವರು ಸಾವಿರಗಟ್ಟಲೆ ಇದ್ದಾರೆ. ಆದರೆ ಹಾವೇರಿ, ಹಾಸನ, ಕೊಪ್ಪಳದ ಕಾಲೇಜುಗಳಲ್ಲಿ ಓದುತ್ತಿರುವ ಮಕ್ಕಳಿಗೆ ಹೀಗೊಂದು ಕೆಲಸವಿದೆ ಎಂಬುದೇ ತಿಳಿದಿರುವುದಿಲ್ಲ. ತಿಳಿದವರಿಗೂ ಅದು ದೊಡ್ಡ ಸಂಸ್ಥೆಗಳಲ್ಲಿ ಎಂ.ಬಿ.ಎ. ಮಾಡಿ, ಅರಳು ಹುರಿದಂತೆ ಇಂಗ್ಲಿಷ್ ಮಾತಾಡುವವರ ಸೊತ್ತು ಎಂಬ ಭಯ. ಆ ಭಯ ಬಿಡಿಸುವುದಕ್ಕಾಗಿಯೇ ಈ ಮಾತು.

ಈ ಕೆಲಸ ಹುಟ್ಟಿದ್ದು ಕಂಪ್ಯೂಟರ್ ಬರುವುದಕ್ಕೂ ಮೊದಲು, ಸಾಬೂನಿನ ವ್ಯಾಪಾರದಲ್ಲಿ. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ನೀಲ್ ಮೆಕೆಲ್‌ರಾಯ್ ಎಂಬ 26 ವರ್ಷದ ಯುವಕ ಕ್ಯಾಮೆ ಸಾಬೂನಿನ ಜಾಹೀರಾತು ನೋಡಿಕೊಳ್ಳುತ್ತಿದ್ದ. ಅದೇ ಕಂಪನಿಯ ಐವರಿ ಸಾಬೂನಿನ ನೆರಳಿನಲ್ಲಿ ಕ್ಯಾಮೆ ಬಾಡುತ್ತಿತ್ತು. 1931ರ ಮೇ 13ರಂದು ಅವನು ಮೂರು ಪುಟದ ಒಂದು ಟಿಪ್ಪಣಿ ಬರೆದ. ಒಂದೊಂದು ಸರಕಿಗೂ ಅದರ ಏಳುಬೀಳಿಗೆ ಹೊಣೆ ಹೊರುವ ಒಬ್ಬ ಮನುಷ್ಯ ಬೇಕು ಎಂಬುದು ಅದರ ಸಾರ. ಆ ಮನುಷ್ಯ ಏನು ಮಾಡಬೇಕು? ಸರಕು ಯಾವ ಊರಿನಲ್ಲಿ ಓಡುತ್ತಿದೆ, ಯಾವ ಊರಿನಲ್ಲಿ ಕುಂಟುತ್ತಿದೆ ಎಂದು ಲೆಕ್ಕ ತೆಗೆಯಬೇಕು. ಕುಂಟುತ್ತಿರುವ ಕಡೆಗೆ ತಾನೇ ಹೋಗಿ ಅಂಗಡಿಯವರನ್ನು ಮಾತಾಡಿಸಬೇಕು. ಕಾರಣ ಹುಡುಕಬೇಕು, ಪರಿಹಾರ ಬರೆಯಬೇಕು, ಬರೆದದ್ದು ಫಲ ಕೊಟ್ಟಿತೇ ಎಂದು ಮತ್ತೆ ನೋಡಬೇಕು. ಮೆಕೆಲ್‌ರಾಯ್ ಮುಂದೆ ಆ ಕಂಪನಿಯ ಅಧ್ಯಕ್ಷನಾದ, 1957ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿಯೂ ಆದ. ಇಂದು ಆ್ಯಪ್ ಮಾಡುವ ಕಂಪನಿಗಳಲ್ಲಿ ಈ ಹುದ್ದೆಯವರು ಮಾಡುವುದು ಬಹುಮಟ್ಟಿಗೆ ಆ ಮೂರು ಪುಟದಲ್ಲಿ ಇದ್ದದ್ದನ್ನೇ.

ನಮ್ಮದೇ ನೆಲದ ಒಂದು ಉದಾಹರಣೆ ಹೇಳುತ್ತೇನೆ. ಇದು ಸರ್ಕಾರದ್ದು, ಆದರೆ ಪ್ರಾಡಕ್ಟ್ ಕೆಲಸ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಪಹಣಿ ಬೇಕೆಂದರೆ ರೈತ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯುತ್ತಿದ್ದ ಕಾಲ ಹಿರಿಯರಿಗೆ ನೆನಪಿದೆ. ದಾಖಲೆ ಅವರ ಕೈಯಲ್ಲಿ, ಅವರು ಯಾವ ಹಳ್ಳಿಯಲ್ಲಿ ಇದ್ದಾರೋ ತಿಳಿಯದು, ಸಿಕ್ಕರೂ ಕೈ ಬೆಚ್ಚಗೆ ಮಾಡದೆ ಕಾಗದ ಹೊರಬರದು. 2000ದ ಸುಮಾರಿಗೆ ಕಂದಾಯ ಇಲಾಖೆ ಸುಮಾರು 67 ಲಕ್ಷ ರೈತರ ಎರಡು ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ‘ಭೂಮಿ’ ಎಂಬ ಈ ಯೋಜನೆಯನ್ನು ಮುನ್ನಡೆಸಿದವರು ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ. ತಂತ್ರಾಂಶ ಸಿದ್ಧಪಡಿಸಿದ್ದು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬಂತು.

ಕಂಪ್ಯೂಟರಿಗೆ ಏರಿಸಿದ್ದು ದೊಡ್ಡ ಸಾಹಸವೇ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಆ ಕಿಟಕಿಯಲ್ಲಿ ಎರಡು ಪರದೆ ಇಟ್ಟಿದ್ದರು. ಒಂದು ಒಳಗೆ ಕೂತ ಸಿಬ್ಬಂದಿಯ ಕಡೆಗೆ. ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ಒಳಗೆ ಏನು ಒತ್ತುತ್ತಿದ್ದಾರೆ, ಯಾವ ಸರ್ವೆ ನಂಬರ್ ತೆಗೆದರು, ಯಾರ ಹೆಸರು ಬಂತು, ಎಲ್ಲವೂ ರೈತನ ಕಣ್ಣೆದುರಿಗೇ ಕಾಣುತ್ತಿತ್ತು. ಓದು ಬಾರದವನಾದರೂ ಜೊತೆಗೆ ಬಂದ ಮಗಳಿಂದ ಓದಿಸಬಹುದಿತ್ತು. ಸಿಬ್ಬಂದಿ ಕೆಲಸ ಶುರುಮಾಡಲು ಬೆರಳಚ್ಚು ಒತ್ತಬೇಕಿತ್ತು. ಯಾವ ಬದಲಾವಣೆ ಯಾರು ಮಾಡಿದರೆಂದು ಆಮೇಲೆ ತಿಳಿಯುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆಯಬೇಕಿತ್ತು. ಬೇಕಾದವರದ್ದನ್ನು ಮೇಲಕ್ಕೆ ತಂದು, ಬೇಡದವರದ್ದನ್ನು ಕೆಳಗೆ ತಳ್ಳಲು ತಂತ್ರಾಂಶ ಬಿಡುತ್ತಿರಲಿಲ್ಲ. ಮುಖ್ಯವಾಗಿ, ಒಂದು ತಾಲ್ಲೂಕಿನಲ್ಲಿ ಕಂಪ್ಯೂಟರ್ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಮಾಡಿದರು. ಹಳೆಯದನ್ನೂ ಹೊಸದನ್ನೂ ಜೊತೆಜೊತೆಗೆ ನಡೆಯಲು ಬಿಟ್ಟಿದ್ದರೆ ಜನ ರೂಢಿಯ ದಾರಿಯನ್ನೇ ಹಿಡಿಯುತ್ತಿದ್ದರು.

ಇಲ್ಲಿ ರೈತನ ನಿಜವಾದ ಕಷ್ಟ ಯಾವುದೆಂದು ಹಿಡಿದಿದ್ದಾರೆ, ಗಮನಿಸಿ. ಕಾಗದ ನಿಧಾನವಾಗಿ ಬರುತ್ತಿತ್ತು ಎಂಬುದಕ್ಕಿಂತ ದೊಡ್ಡ ಕಷ್ಟ, ತನ್ನ ಭೂಮಿಯ ಲೆಕ್ಕ ತನಗೇ ಕಾಣುತ್ತಿರಲಿಲ್ಲ ಎಂಬುದು. ಅದಕ್ಕೆ ಉತ್ತರವಾಗಿ ಬಂದದ್ದು ಎರಡನೆಯ ಪರದೆ. ಹಾಗೆಂದು ‘ಭೂಮಿ’ಯಲ್ಲಿ ಕೊರತೆ ಇರಲಿಲ್ಲ ಎನ್ನಲಾಗದು. ಹಳ್ಳಿಯಲ್ಲೇ ಸಿಗುತ್ತಿದ್ದ ಕಾಗದಕ್ಕಾಗಿ ಕೂಲಿ ಬಿಟ್ಟು, ಬಸ್ಸು ಹತ್ತಿ ತಾಲ್ಲೂಕಿಗೆ ಹೋಗಬೇಕಾಯಿತು. ಹಳೆಯ ಪುಸ್ತಕದಲ್ಲಿದ್ದ ತಪ್ಪುಗಳು ಹಾಗೆಯೇ ಕಂಪ್ಯೂಟರಿಗೂ ಬಂದವು. ಹಣವಂತರಿಗೆ ದೂರದ ಊರಿನ ಭೂಮಿಯ ವಿವರ ಸುಲಭಕ್ಕೆ ಸಿಗುವಂತಾಯಿತು ಎಂಬ ಟೀಕೆಯೂ ಬಂತು. ಮುಂದೆ ಹೋಬಳಿಯ ನಾಡಕಚೇರಿಯಲ್ಲೂ ಪಹಣಿ ಕೊಡುವ ವ್ಯವಸ್ಥೆ ಬಂದು ಬಸ್ಸಿನ ದಾರಿ ಕಡಿಮೆಯಾಯಿತು. ಒಂದು ಕಷ್ಟ ಬಗೆಹರಿಸಿದಾಗ ಇನ್ನೊಂದು ತಲೆಯೆತ್ತುವುದು ಈ ಕೆಲಸದಲ್ಲಿ ದಿನನಿತ್ಯದ ಮಾತು. ಬಿಡುಗಡೆಯ ದಿನ ಹಾರ ಹಾಕಿಸಿಕೊಂಡು ಮನೆಗೆ ಹೋಗುವವರಿಗೆ ಇದು ಒಗ್ಗುವುದಿಲ್ಲ.

ಹಾಗಾದರೆ ಕಲಿಯಬೇಕಾದ ವಿದ್ಯೆ ಯಾವುದು? ಎಲ್ಲಕ್ಕಿಂತ ಮೊದಲು ನೋಡುವುದು, ಕೇಳುವುದು. ಹೇಳಿದಷ್ಟು ಸುಲಭವಲ್ಲ ಇದು. ದಾವಣಗೆರೆಯ ಒಂದು ಔಷಧಿ ಅಂಗಡಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಗಲ್ಲಾದ ಮೇಲೆ ಕಂಪ್ಯೂಟರ್ ಇತ್ತು, ಬಿಲ್ಲಿನ ತಂತ್ರಾಂಶ ಇತ್ತು, ಅದರಲ್ಲಿ ಉದ್ರಿ ಬರೆಯುವ ಸೌಲಭ್ಯವೂ ಇತ್ತು. ಪಕ್ಕದಲ್ಲಿ ಮಾತ್ರ ಅಂಚು ಸವೆದ ಒಂದು ಉದ್ದನೆಯ ನೋಟ್‌ಬುಕ್, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಉದ್ರಿಯೆಲ್ಲ ಅದರಲ್ಲೇ.

‘ಯಾಕಣ್ಣಾ, ಇದನ್ನ ಕಂಪ್ಯೂಟರ್‌ನಾಗೇ ಬರೀಬೋದಲ್ಲ?’ ಎಂದೆ.

‘ಬರೀಬೋದು ಸರ್. ಆದ್ರೆ ಅದು ಮೊದ್ಲು ಫೋನ್ ನಂಬರ್ ಕೇಳ್ತದೆ. ದಿನಾ ಬರೋ ಅಜ್ಜಿಗೆ ಮೂವತ್ತು ರೂಪಾಯಿ ಮಾತ್ರೆ ಕೊಟ್ಟು, ನಂಬರ್ ಹೇಳಜ್ಜಿ ಅಂದ್ರೆ ಏನಂತಾಳೆ? ನನ್ಮೇಲೆ ನಂಬಿಕೆ ಇಲ್ಲೇನಪ್ಪಾ ಅಂತಾಳೆ.’

ಆ ತಂತ್ರಾಂಶ ಮಾಡಿದವರಿಗೆ ತಮ್ಮ ಲೆಕ್ಕದಲ್ಲಿ ಕಾಣುವುದು ಇಷ್ಟೇ: ಈ ಅಂಗಡಿ ಉದ್ರಿ ಸೌಲಭ್ಯ ಬಳಸುತ್ತಿಲ್ಲ. ಕಚೇರಿಯಲ್ಲಿ ಕೂತವರು ಇದಕ್ಕೆ, ಅಂಗಡಿಯವರಿಗೆ ತರಬೇತಿ ಸಾಲದು, ಒಂದು ವಿಡಿಯೊ ಮಾಡಿ ಕಳಿಸೋಣ ಎನ್ನುತ್ತಾರೆ. ಗಲ್ಲಾದ ಪಕ್ಕ ನಿಂತವರಿಗೆ ಗೊತ್ತು, ತರಬೇತಿಗೂ ಇದಕ್ಕೂ ಸಂಬಂಧವಿಲ್ಲ. ಬರೀ ಹೆಸರು ಹಾಕಿದರೂ ಉದ್ರಿ ಉಳಿಯುವಂತೆ ಮಾಡಿದರೆ ಸಾಕು; ನಂಬರ್ ಬೇಕಾದರೆ ಆಮೇಲೆ ಸೇರಿಸಿಕೊಳ್ಳಲಿ. ‘ಅಜ್ಜಿ, ಬಾವಿ ಮನೆ’ ಎಂಬ ಹೆಸರು ಆ ಅಂಗಡಿಗೆ ಸಾಕಷ್ಟಾಯಿತು.

ಪ್ರಶ್ನೆ ಕೇಳುವುದರಲ್ಲೂ ಒಂದು ಹದವಿದೆ. ‘ಹೀಗೊಂದು ಸೌಲಭ್ಯ ಕೊಟ್ಟರೆ ಬಳಸುತ್ತೀರಾ?’ ಎಂದರೆ ನಮ್ಮ ಜನ ‘ಓಹೋ, ಬಹಳ ಚೆನ್ನಾಗಿರುತ್ತೆ’ ಎನ್ನುತ್ತಾರೆ. ಮನೆಗೆ ಬಂದವರ ಮನಸ್ಸು ನೋಯಿಸಬಾರದೆಂಬ ಸೌಜನ್ಯ ಅದು. ಆ ಉತ್ತರದ ಮೇಲೆ ಏನನ್ನೂ ಕಟ್ಟಬೇಡಿ. ‘ಹೋದ ವಾರ ಉದ್ರಿ ವಸೂಲಿಗೆ ಏನು ಮಾಡಿದಿರಿ? ಅದಕ್ಕೂ ಮುಂಚೆ?’ ಎಂದು ನಡೆದದ್ದನ್ನು ಕೇಳಿ. ನಡೆದದ್ದರಲ್ಲಿ ಸುಳ್ಳು ಕಡಿಮೆ. ರಾಬ್ ಫಿಟ್ಸ್‌ಪ್ಯಾಟ್ರಿಕ್ 2013ರಲ್ಲಿ ಬರೆದ ‘ದಿ ಮಾಮ್ ಟೆಸ್ಟ್’ ಎಂಬ ಸಣ್ಣ ಪುಸ್ತಕ ಪೂರ್ತಿ ಇದರ ಬಗ್ಗೆಯೇ ಇದೆ. ಈ ಕೆಲಸಕ್ಕೆ ಬರುವವರು ಒಂದೇ ಪುಸ್ತಕ ಓದುವುದಾದರೆ ಅದನ್ನೇ ಓದಲಿ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಪ್ರಶ್ನೆ: ಬಳಸುವವರು ಯಾರು, ದುಡ್ಡು ಕೊಡುವವರು ಯಾರು, ಒಪ್ಪಿಗೆ ಕೊಡುವವರು ಯಾರು? ಮೂವರೂ ಒಬ್ಬರೇ ಆಗಿರಬೇಕಿಲ್ಲ. ಬೆಂಗಳೂರಿನಲ್ಲಿ 2006ರಲ್ಲಿ ಶುರುವಾದ ರೆಡ್‌ಬಸ್ ಕಂಪನಿಯ ಕಥೆಯನ್ನು ಅದರ ಸ್ಥಾಪಕ ಫಣೀಂದ್ರ ಸಾಮ ಹಲವು ಕಡೆ ಹೇಳಿದ್ದಾರೆ. 2005ರ ದೀಪಾವಳಿಗೆ ಹೈದರಾಬಾದಿಗೆ ಹೋಗಲು ಅವರಿಗೆ ಬಸ್ ಟಿಕೆಟ್ ಸಿಗಲಿಲ್ಲ. ಯಾವ ಬಸ್ಸಿನಲ್ಲಿ ಎಷ್ಟು ಸೀಟು ಖಾಲಿ ಎಂದು ಒಂದೇ ಕಡೆ ತಿಳಿಯುವ ದಾರಿಯೇ ಇರಲಿಲ್ಲ. ಗೆಳೆಯರು ಸೇರಿ ಬಸ್ ಮಾಲೀಕರಿಗೆಂದು ಒಂದು ತಂತ್ರಾಂಶ ಬರೆದು, ತೆಗೆದುಕೊಳ್ಳಿ ಎಂದರು. ಮಾಲೀಕರು ತಲೆಯಾಡಿಸಲಿಲ್ಲ. ಫೋನು, ಚೀಟಿ, ಏಜೆಂಟರ ಮೇಲೆ ಅವರ ವ್ಯಾಪಾರ ನಡೆದೇ ಇತ್ತು. ಕಂಪ್ಯೂಟರ್ ಬಂದರೆ ಅವರಿಗೇನು ಲಾಭ? ಆಗ ಗೆಳೆಯರು ದಾರಿ ಬದಲಿಸಿ, ಕೆಲವು ಸೀಟು ಕೊಡಿ, ನಾವು ಮಾರಿಕೊಡುತ್ತೇವೆ ಎಂದರು. ಸೀಟು ತುಂಬುವುದು ಯಾವ ಬಸ್ ಮಾಲೀಕರಿಗೆ ಬೇಡ? ಟಿಕೆಟ್ ಮಾರಾಟವಾಗತೊಡಗಿದ ಮೇಲೆ ನಂಬಿಕೆ ಬಂತು. ಮೊದಲು ಬೇಡವೆಂದಿದ್ದ ತಂತ್ರಾಂಶಕ್ಕೂ ಆಮೇಲೆ ಜಾಗವಾಯಿತು. ತಂತ್ರಜ್ಞಾನ ಎರಡೂ ಸಲ ಹೆಚ್ಚುಕಡಿಮೆ ಒಂದೇ. ಯಾರ ಮುಂದೆ ಯಾವುದನ್ನು ಮೊದಲು ಇಡಬೇಕು ಎಂಬುದು ಮಾತ್ರ ಬದಲಾಗಿತ್ತು.

ನೋಡಿದ್ದನ್ನು ಬರೆಯಲು ಬರಬೇಕು. ಪ್ರಾಡಕ್ಟ್ ಮ್ಯಾನೇಜರ್‌ಗೆ ಹೆಸರು ದೊಡ್ಡದಾದರೂ ಕೈಕೆಳಗೆ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಎಂಜಿನಿಯರುಗಳು ಬೇರೆಯವರಿಗೆ ಉತ್ತರ ಹೇಳುತ್ತಾರೆ, ವಿನ್ಯಾಸಕಾರರು ಇನ್ನೊಬ್ಬರಿಗೆ, ಮಾರಾಟದವರು ಮತ್ತೊಬ್ಬರಿಗೆ. ಇವರ ಮೇಲೆ ಹುಕುಂ ನಡೆಯದು, ಒಪ್ಪಿಸಬೇಕು. ಒಪ್ಪಿಸಲು ಎಲ್ಲರೂ ಓದಬಹುದಾದ ಒಂದು ಪುಟ ಬೇಕು: ಯಾರ ಕಷ್ಟ, ಎಂಥ ಕಷ್ಟ, ಈಗ ಅವರು ಹೇಗೆ ನಿಭಾಯಿಸುತ್ತಿದ್ದಾರೆ, ನಾವೇನು ಮಾಡುತ್ತೇವೆ, ಏನು ಮಾಡುವುದಿಲ್ಲ, ಗೆದ್ದೆವೆಂದು ಹೇಗೆ ತಿಳಿಯುತ್ತೇವೆ. ಅಮೆಜಾನ್ ಕಂಪನಿಯಲ್ಲಿ ಹೊಸದನ್ನು ಕಟ್ಟುವ ಮುನ್ನವೇ ಅದರ ಪತ್ರಿಕಾ ಪ್ರಕಟಣೆ ಬರೆಯುವ ಪದ್ಧತಿ ಇದೆ. ಕೊಳ್ಳುವವರಿಗೆ ಏನು ಪ್ರಯೋಜನ ಎಂಬುದು ಆ ಪ್ರಕಟಣೆಯಲ್ಲಿ ಸ್ಪಷ್ಟವಾಗಿ ಮೂಡದಿದ್ದರೆ ಕಟ್ಟುವ ಮಾತೇ ಇಲ್ಲ. ಕನ್ನಡದಲ್ಲಿ ತಿಳಿಯಾಗಿ ನಾಲ್ಕು ಸಾಲು ಬರೆಯಬಲ್ಲವರು ಇಂಗ್ಲಿಷಿನಲ್ಲೂ ಬರೆಯುವುದನ್ನು ಕಲಿಯುತ್ತಾರೆ. ಯಾವ ಭಾಷೆಯಲ್ಲೂ ಯೋಚನೆ ತಿಳಿಯಾಗದವರಿಗೆ ವ್ಯಾಕರಣ ನೆರವಾಗದು. ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವಷ್ಟು, ಸರಳವಾಗಿ ಬರೆಯುವಷ್ಟು ಬೇಕೇ ಬೇಕು. ಅದರಾಚೆಯ ಬೆಡಗು ಬೇಕಿಲ್ಲ.

ಲೆಕ್ಕದ ವಿಚಾರ. ಎಂಜಿನಿಯರಿಂಗ್ ಗಣಿತ ಬೇಡ. ಭಾಗಾಕಾರ, ಶೇಕಡಾವಾರು, ಸರಾಸರಿ ಎಲ್ಲಿ ಮೋಸ ಮಾಡುತ್ತದೆ ಎಂಬ ಎಚ್ಚರ, ಇಷ್ಟು ಗಟ್ಟಿಯಿರಲಿ. ಎಕ್ಸೆಲ್‌ನಂಥ ಲೆಕ್ಕದ ಹಾಳೆಯಲ್ಲಿ ಕೈ ಆಡಬೇಕು. ಕಂಪನಿಯ ದತ್ತಾಂಶದಿಂದ ಬೇಕಾದ್ದನ್ನು ತೆಗೆಯಲು ಎಸ್‌ಕ್ಯೂಎಲ್ ಎಂಬ ಭಾಷೆ ಕಲಿಯಿರಿ. ಮನಸ್ಸಿಟ್ಟರೆ ಕೆಲವೇ ವಾರಗಳಲ್ಲಿ ಬರುತ್ತದೆ, ಕಲಿಯಲು ದುಡ್ಡೂ ಬೇಕಿಲ್ಲ. ಎಷ್ಟು ಜನ ಆ್ಯಪ್ ಇಳಿಸಿಕೊಂಡರು ಎಂಬ ಸಂಖ್ಯೆಗೆ ಮರುಳಾಗಬೇಡಿ; ಮುಂದಿನ ತಿಂಗಳೂ ಎಷ್ಟು ಜನ ಬಂದರು ಎಂದು ನೋಡಿ. ಪಹಣಿಯ ಉದಾಹರಣೆಯಲ್ಲೇ ಹೇಳುವುದಾದರೆ, ಎಷ್ಟು ಕಚೇರಿಗೆ ಕಂಪ್ಯೂಟರ್ ಕೊಟ್ಟೆವು ಎಂಬುದು ಇಲಾಖೆಯ ಲೆಕ್ಕ. ಖಾತೆ ಬದಲಾಗಲು ಎಷ್ಟು ದಿನ ಹಿಡಿಯಿತು ಎಂಬುದು ರೈತನ ಲೆಕ್ಕ. ಎರಡನೆಯದನ್ನು ಹಿಡಿಯಿರಿ.

ಲೆಕ್ಕ ಕಲಿತವರಿಗೆ ವಿನಯವೂ ಬರುತ್ತದೆ. ಮೈಕ್ರೋಸಾಫ್ಟ್‌ನಲ್ಲಿ ಪ್ರಯೋಗಗಳ ವ್ಯವಸ್ಥೆ ಕಟ್ಟಿದ ರಾನ್ ಕೊಹಾವಿ ಮತ್ತು ಅವರ ಸಂಗಡಿಗರು ತಮ್ಮ ಪ್ರಬಂಧಗಳಲ್ಲಿ ಹೇಳಿರುವ ಪ್ರಕಾರ, ಅಲ್ಲಿ ಪರೀಕ್ಷೆಗೆ ಹಚ್ಚಿದ ಯೋಚನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಮಾತ್ರ ಅಂದುಕೊಂಡ ಫಲ ಕೊಟ್ಟಿತು. ಉಳಿದವು ಒಂದೋ ಏನೂ ಮಾಡಲಿಲ್ಲ, ಇಲ್ಲವೇ ಕೆಡಿಸಿದವು. ಅಷ್ಟು ಓದಿದ, ಅಷ್ಟು ಅನುಭವಿಗಳಾದ ಜನರ ಯೋಚನೆಗಳ ಗತಿಯೇ ಇದು. ಆದ್ದರಿಂದ ಸಣ್ಣದಾಗಿ ಮಾಡಿ, ಹತ್ತು ಅಂಗಡಿಯಲ್ಲಿ ಇಟ್ಟು ನೋಡಿ, ಆಮೇಲೆ ದೊಡ್ಡದು ಮಾಡುವುದೇ ಸರಿಯಾದ ದಾರಿ. ಬೇಡ ಎನ್ನುವ ಧೈರ್ಯವೂ ಇದರಿಂದಲೇ ಬರುತ್ತದೆ. ದೊಡ್ಡ ಗಿರಾಕಿ ಕೇಳಿದರು, ಮೇಲಧಿಕಾರಿಗೆ ಹೊಳೆಯಿತು, ಪೈಪೋಟಿಯವರು ಮಾಡಿದರು ಎಂದು ಎಲ್ಲವನ್ನೂ ತುರುಕುತ್ತಾ ಹೋದರೆ ಕೊನೆಗೆ ಉದ್ರಿ ಬರೆಯುವ ಗುಂಡಿಯೇ ಕೈಗೆ ಸಿಗುವುದಿಲ್ಲ.

ಓದುವುದಕ್ಕೆ ಇನ್ನೆರಡು ಪುಸ್ತಕ. ಡಾನ್ ನಾರ್ಮನ್ ಅವರ ‘ದಿ ಡಿಸೈನ್ ಆಫ್ ಎವೆರಿಡೇ ಥಿಂಗ್ಸ್’ 1988ರಲ್ಲಿ ಬೇರೆ ಹೆಸರಿನಲ್ಲಿ ಮೊದಲು ಬಂತು. ತಳ್ಳಬೇಕೋ ಎಳೆಯಬೇಕೋ ತಿಳಿಯದ ಬಾಗಿಲು, ಯಾವ ಒಲೆಗೆ ಯಾವ ತಿರುಗಣಿ ಎಂದು ಗೊಂದಲವಾಗುವ ಸ್ಟೌ, ಇಂಥವನ್ನು ಇಟ್ಟುಕೊಂಡು, ತಪ್ಪು ಬಳಸುವವರದಲ್ಲ, ಮಾಡಿದವರದು ಎಂದು ಮನಗಾಣಿಸುತ್ತದೆ. ಮಾರ್ಟಿ ಕೇಗನ್ ಅವರ ‘ಇನ್‌ಸ್ಪೈರ್ಡ್’ ಕಂಪನಿಗಳೊಳಗೆ ಈ ಕೆಲಸ ನಡೆಯುವ ಬಗೆಯನ್ನು ಹೇಳುತ್ತದೆ. ಕೆಲಸಕ್ಕೆ ಸೇರಿ ಸ್ವಲ್ಪ ದಿನವಾದ ಮೇಲೆ ಓದಿದರೆ ಹೆಚ್ಚು ಹಿಡಿಸುತ್ತದೆ. ಪರದೆಯ ಚಿತ್ರ ಬರೆಯಲು ಫಿಗ್ಮಾದಂಥ ಸಾಧನ ಇದೆ, ಕಾಗದ ಪೆನ್ಸಿಲ್ಲೂ ಆದೀತು. ಲಕ್ಷಗಟ್ಟಲೆ ಶುಲ್ಕ ಕಟ್ಟಿಸಿಕೊಂಡು ಪ್ರಮಾಣಪತ್ರ ಕೊಡುವ ಕೋರ್ಸುಗಳ ಜಾಹೀರಾತು ನೋಡಿ ಮನೆಯವರನ್ನು ಸಾಲಕ್ಕೆ ದೂಡಬೇಡಿ. ಅಂಥ ಕಾಗದ ನೋಡಿ ಕೆಲಸ ಕೊಟ್ಟವರನ್ನು ನಾನು ಕಂಡಿಲ್ಲ.

ಈ ಹುದ್ದೆಗೆ ನೇರವಾಗಿ ಸೇರುವವರು ಕಡಿಮೆ. ಎಂಜಿನಿಯರಾಗಿ, ಪರೀಕ್ಷಕರಾಗಿ, ಮಾರಾಟದವರಾಗಿ, ಗ್ರಾಹಕರ ಕರೆ ಸ್ವೀಕರಿಸುವವರಾಗಿ ಬಂದು ಇತ್ತ ಹೊರಳುವವರೇ ಹೆಚ್ಚು. ಈ ಕೊನೆಯವರ ಬಗ್ಗೆ ನನಗೆ ವಿಶೇಷ ಅಭಿಮಾನ. ದಿನವಿಡೀ ಫೋನಿನಲ್ಲಿ ಜನರ ಬೈಗುಳ ಕೇಳುವ ಆ ಹುಡುಗ ಹುಡುಗಿಯರಿಗೆ, ಎಲ್ಲಿ ಜನ ಎಡವುತ್ತಾರೆ ಎಂಬುದು ಕಂಪನಿಯ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತು. ಅವರು ಬಂದ ದೂರುಗಳನ್ನು ಬರೆದಿಟ್ಟು, ಒಂದೇ ಬಗೆಯವನ್ನು ಒಟ್ಟುಮಾಡಿ, ಇದರಿಂದ ಇಷ್ಟು ಕರೆ ಬರುತ್ತಿದೆ ಎಂದು ತೋರಿಸಿದರೆ ಅರ್ಧ ಕೆಲಸ ಆದಂತೆ. ಕಂಪನಿ ನಡೆಸುವವರಲ್ಲೂ ಒಂದು ಕೋರಿಕೆ: ಪ್ರಾಡಕ್ಟ್ ವಿಭಾಗಕ್ಕೆ ಜನ ಬೇಕಾದಾಗ ಹೊರಗೆ ಹುಡುಕುವ ಮುನ್ನ ಕರೆ ಸ್ವೀಕರಿಸುವವರ ಕೋಣೆಯ ಬಾಗಿಲು ಒಮ್ಮೆ ತಟ್ಟಿ. ಕರ್ನಾಟಕದ ಸಂತೆ, ಸೊಸೈಟಿ, ಡೇರಿಗಳಲ್ಲಿ ನಿಮ್ಮ ಆ್ಯಪ್ ನಡೆಯಬೇಕಾದರೆ ಅಲ್ಲಿಯವರ ಮಾತು ಅರಿತವರು ತೀರ್ಮಾನ ಮಾಡುವ ಜಾಗದಲ್ಲಿ ಇರಬೇಕು. ಇಂಗ್ಲಿಷಿನಲ್ಲಿ ಎಲ್ಲ ಮುಗಿಸಿ ಕೊನೆಗೆ ಕನ್ನಡಕ್ಕೆ ತಿರುಗಿಸುವುದರಿಂದ ಆ ಕೆಲಸ ಆಗದು.

ಯುವ ಕೇಳುಗರಿಗೆ ಒಂದೇ ಮಾತು. ಬ್ಯಾಂಕಿನಲ್ಲೋ, ಬಸ್ ನಿಲ್ದಾಣದಲ್ಲೋ, ನಿಮ್ಮ ಮನೆಯಲ್ಲೋ ಯಾರಾದರೂ ಒಂದು ಆ್ಯಪ್ ಹಿಡಿದು ಪರದಾಡುತ್ತಿದ್ದರೆ ಫೋನು ಕಿತ್ತುಕೊಂಡು ನೀವೇ ಮಾಡಿಕೊಡಬೇಡಿ. ಒಂದು ನಿಮಿಷ ಪಕ್ಕದಲ್ಲಿ ನಿಂತು, ಬೆರಳು ಎಲ್ಲಿ ತಡವರಿಸಿತು, ಏನು ಓದಿ ಏನೆಂದು ತಿಳಿದರು ಎಂದು ನೋಡಿ. ಆಮೇಲೆ ಸಹಾಯ ಮಾಡಿ. ಮನೆಗೆ ಬಂದು ಒಂದು ಪುಟ ಬರೆಯಿರಿ: ಯಾರು, ಏನು ಮಾಡಹೊರಟರು, ಎಲ್ಲಿ ನಿಂತರು, ಯಾಕೆ, ನೀವಾಗಿದ್ದರೆ ಏನು ಬದಲಿಸುತ್ತಿದ್ದಿರಿ. ಅಂಥ ಹತ್ತು ಪುಟ ಹಿಡಿದು ಸಂದರ್ಶನಕ್ಕೆ ಹೋಗಿ. ಯಾವ ಊರಿನವರು, ಯಾವ ಕಾಲೇಜಿನವರು ಎಂದು ಕೇಳುವ ಮೊದಲು ಸಂದರ್ಶಕರು ಆ ಪುಟಗಳನ್ನು ಓದುತ್ತಾರೆ.